ಚಮನಸಾಬ ಸಂಬಂಧ ಕೂಡಿಸಿದ್ದು

ಚಮನಸಾಬ ಸುಳ್ಳು ಹೇಳಿದ ಅಂತ ಯಾರೂ ಅನ್ನುವ ಹಾಗಿಲ್ಲ. ಕಂಠೆಪ್ಪನ ಚಹಾದಂಗಡಿಯ ಮುಂದೆ ನಿಂತು ಅವನು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಕೊರ್ಲಿಮ್‌ನ ಖೋಲಿ ಸಾಲಿನಲ್ಲಿ ಆಮೇಲೆ ನಡೆದ ಗದ್ದಲಕ್ಕೆಲ್ಲ ಆ ಖರೇ ಮಾತೇ ಕಾರಣ. ಅವನೊಂದು ಸಣ್ಣ ಸುಳ್ಳು ಹೇಳಿದ್ದರೆ ಎಲ್ಲರೂ ತಣ್ಣಗೆ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು.

ಚಮನಸಾಬ ತಾಳೀಕೋಟಿ ಕಡೆಯವನು. ಐಟಿಐಯಲ್ಲಿ ನಕಾಶೆ ಬಿಡಿಸುವುದನ್ನು ಕಲಿತು ಗೋವಾಕ್ಕೆ ಬಂದು, ಕೊರ್ಲಿಮ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ಸುತ್ತಲಿನ ಔಷಧಿ ಕಂಪನಿಗಳಿಗೆ ಬೇಕಾದ ಉಕ್ಕಿನ ಟ್ಯಾಂಕು, ಪೈಪು, ಪೈಪಿಗೆ ಪೈಪು ಜೋಡಿಸುವ ತೂತಿನ ತಟ್ಟೆ ಇಂಥವನ್ನೆಲ್ಲ ಆ ಕಾರ್ಖಾನೆ ಮಾಡುತ್ತಿತ್ತು. ಅವುಗಳ ನಕಾಶೆಯನ್ನು ದೊಡ್ಡ ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ಬಿಡಿಸುವುದು ಅವನ ಕೆಲಸ. ಕೈ ಚಲೋ ಇತ್ತು. ಆದರೆ ಟ್ಯಾಂಕು ಒಂದಿಂಚು ಎತ್ತರವಾಗಲಿ ಎಂದು ಮಾಲೀಕರು ಅಂದರೆ ಸಾಕು, ಅದರ ಕಾಲು, ಅದರ ಕೊಳವೆ, ಅದರ ಮುಚ್ಚಳ ಎಲ್ಲವನ್ನೂ ಅಳಿಸಿ ಮೊದಲಿನಿಂದ ಬಿಡಿಸಬೇಕು. ರಬ್ಬರ್ ಉಜ್ಜಿ ಉಜ್ಜಿ ಅವನ ಶರ್ಟಿನ ಹೊಟ್ಟೆಯ ಮೇಲೆ ಯಾವಾಗಲೂ ರವೆ ಚೆಲ್ಲಿದಂತೆ ಇರುತ್ತಿತ್ತು.

ಮಾಲೀಕ ಫಾತರ್ಪೇಕರರು ತೊಂಬತ್ತೆಂಟನೇ ಇಸವಿಯಲ್ಲಿ ಒಂದು ಕಂಪ್ಯೂಟರ್ ತರಿಸಿದರು. ಅದು ಸೆಕೆ ತಾಳುವುದಿಲ್ಲ ಎಂದು ಅಂಗಡಿಯವನು ಹೇಳಿದ್ದರಿಂದ, ಏಸಿ ಇದ್ದ ತಮ್ಮದೇ ಕೋಣೆಯಲ್ಲಿ ಅದನ್ನು ಕೂರಿಸಿದರು. ಹತ್ತು ವರ್ಷ ಅದೇ ಕಾರ್ಖಾನೆಯ ತಗಡಿನ ಮಾಡಿನ ಕೆಳಗೆ ಬೆಂದ ಚಮನಸಾಬನಿಗೆ ಸೆಕೆ ಆಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು. ಅವನನ್ನು ಪಣಜಿಗೆ ತರಬೇತಿಗೆ ಕಳಿಸಿದರು.

ಪಣಜಿಯಲ್ಲಿ ಕಲಿಸುತ್ತಿದ್ದವನು ಮಡಗಾಂವದ ತರುಣ. ವಾಕ್ಯವನ್ನು ಹಿಂದಿಯಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸುತ್ತಿದ್ದ. ಅವನು ಹೇಳಿದ್ದು ಇಷ್ಟು: ಕಾಗದದ ಮೇಲೆ ಗೆರೆ ಎಳೆದರೆ ಅದು ಎಳೆದಲ್ಲೇ ಬಿದ್ದಿರುತ್ತದೆ, ಅದಕ್ಕೆ ಅಕ್ಕಪಕ್ಕದವರ ಪರಿವೆಯಿಲ್ಲ. ಈ ಸಾಫ್ಟ್‌ವೇರಿನಲ್ಲಿ ಹಾಗಲ್ಲ. ಇಲ್ಲಿ ಗೆರೆಗೂ ಗೆರೆಗೂ ನಡುವೆ ರಿಲೇಶನ್ ಹಾಕಬೇಕು. ಇವೆರಡು ಸಮಾನಾಂತರ, ಇವೆರಡರ ಉದ್ದ ಸಮ, ಈ ಎರಡು ವೃತ್ತಗಳಿಗೆ ಕೇಂದ್ರ ಒಂದೇ, ಈ ಬಿಂದು ಫಿಕ್ಸ್, ಇದು ಕದಲುವ ಹಾಗಿಲ್ಲ. ಹಾಗೆ ಕಟ್ಟಿಬಿಟ್ಟರೆ, ಆಮೇಲೆ ಒಂದು ಅಳತೆ ಬದಲಿಸಿದರೆ ಸಾಕು. ಉಳಿದವೆಲ್ಲ ತಂತಮ್ಮ ರಿಲೇಶನ್ ಕಾಪಾಡಿಕೊಂಡು ತಾವೇ ಸರಿದು ಕೂಡುತ್ತವೆ. ಅದನ್ನು ಕಣ್ಣಾರೆ ನೋಡಿದಾಗ ಚಮನಸಾಬನಿಗೆ ತಾನು ಆ ತನಕ ಸವೆಸಿದ ರಬ್ಬರುಗಳೆಲ್ಲ ನೆನಪಾದವು. ತರಬೇತಿಯ ಉಳಿದ ಮುಕ್ಕಾಲು ಪಾಲು ಅವನ ತಲೆಯ ಮೇಲಿಂದ ಹಾರಿಹೋಯಿತು. ರಿಲೇಶನ್ನನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡ. ಅವನ ತಲೆಯಲ್ಲಿ ಅದು ಕನ್ನಡದಲ್ಲೇ ಕೂತಿತ್ತು: ಸಂಬಂಧ.

ತರಬೇತಿ ಮುಗಿಸಿ ಬರುವ ದಿನ ಅವನು ಶರ್ಟನ್ನು ಪ್ಯಾಂಟಿನೊಳಗೆ ಸೇರಿಸಿಕೊಂಡು ಬಸ್ಸಿಳಿದ. ಆ ಖೋಲಿ ಸಾಲಿನಲ್ಲಿ ಹಾಗೆ ಮಾಡುವವರು ಇಬ್ಬರೇ, ಒಬ್ಬ ಮದುಮಗ, ಇನ್ನೊಬ್ಬ ರೇಶನ್ ಕಾರ್ಡಿಗೆ ಫೋಟೊ ತೆಗೆಸುವವನು. ಕಂಠೆಪ್ಪ ಚಹಾ ಸೋಸುತ್ತ, ಕಂಪ್ಯೂಟರಿನಲ್ಲಿ ಏನು ಮಾಡುತ್ತೀಯೋ ಚಮನ್ಯಾ ಎಂದು ಕೇಳಿದ.

"ಸಂಬಂಧ ಕೂಡಸ್ತೇನಿ," ಅಂದ ಚಮನಸಾಬ.

ಸೋಸುವ ಅರಿವೆ ಗಾಳಿಯಲ್ಲೇ ನಿಂತಿತು. ಬೆಂಚಿನ ಮೇಲಿದ್ದವರು ಬೀಡಿ ಕೆಳಗಿಳಿಸಿದರು. ಎಂಥೆಂಥ ಸಂಬಂಧ ಎಂದು ಕಂಠೆಪ್ಪ ಮೆಲ್ಲಗೆ ವಿಚಾರಿಸಿದ. ಉದ್ದ ಇರಲಿ ಗಿಡ್ಡ ಇರಲಿ, ಎಂಥವಾದರೂ ನಡೆಯುತ್ತದೆ, ಎರಡು ನಿಮಿಷದ ಕೆಲಸ ಎಂದ ಚಮನಸಾಬ.

"ಮತ್ತ ಹೊಂದಲಿಲ್ಲಂದ್ರ?"

"ಕೆಂಪಗ ಆಗಿಬಿಡತಾವು. ಇದು ಆಗೂದಿಲ್ಲ ಅಂತ ಯಂತ್ರಾನ ಮೊದಲ ಹೇಳತೈತಿ."

ಹೆಣ್ಣು ನೋಡಲು ಬಸ್ಸಿನಲ್ಲಿ ಕೂತು ಮುದ್ದೇಬಿಹಾಳದವರೆಗೆ ಹೋಗಿ, ಅವಲಕ್ಕಿ ತಿಂದು, ಆಮೇಲೆ ತಿಳಿಸುತ್ತೇವೆ ಅನ್ನಿಸಿಕೊಂಡು ಬಂದ ಜನ ಅವರು. ಅಂಥವರ ನಡುವೆ ಮೊದಲೇ ಹೇಳುವ ಯಂತ್ರ ಬಂದಿತ್ತು. ಅಂದು ಚಮನಸಾಬನಿಗೆ ಚಹಾ ಮೊದಲ ಬಾರಿ ಕಪ್ಪು-ಬಶಿಯಲ್ಲಿ ಬಂತು. "ತಗೋರಿ ಚಮನಸಾಬ್ರ," ಎಂದ ಕಂಠೆಪ್ಪ. ಚಮನ್ಯಾ ಹೋಗಿ ಚಮನಸಾಬ್ರು ಆಗುವುದಕ್ಕೆ ಪಣಜಿಯ ತರಬೇತಿ ಸಾಕಾಯಿತಲ್ಲ ಎಂದು ಅವನು ಖುಷಿಯಲ್ಲಿ ಬಶಿಯನ್ನೂ ನೆಕ್ಕಿದ. ಎಲ್ಲಿ ಏನು ತಪ್ಪಿತು ಅನ್ನುವುದು ಅವನಿಗೆ ತಿಳಿದದ್ದು ಮರುದಿನ ಬೆಳಿಗ್ಗೆ.

ಬೆಳಿಗ್ಗೆ ಬಾಗಿಲಲ್ಲಿ ನಿಂತವಳು ಕೇಸರಿಬಾಯಿ. ಓಲ್ಡ್ ಗೋವಾದ ಇಗರ್ಜಿಗಳ ಮುಂದೆ ಕನ್ನಡಿ ಹೊಲಿದ ಚೀಲ, ಚಾದರ ಮಾರುವ ಲಂಬಾಣಿ ಹೆಂಗಸು. ಫ್ರೆಂಚರ ಜೊತೆಗೂ ಕನ್ನಡದಲ್ಲೇ ಚೌಕಾಶಿ ಮಾಡಿ ಗೆಲ್ಲುವವಳು. ಅವಳ ಕೈಯಲ್ಲಿ ಮಗ ಹೇಮಪ್ಪನ ಫೋಟೊ ಇತ್ತು. ಇಗರ್ಜಿಯ ಮುಂದೆ ಕಪ್ಪು ಕನ್ನಡಕ ಹಾಕಿ, ಯಾರದೋ ಮೋಟರ್ ಸೈಕಲ್ಲಿಗೆ ಒರಗಿ ನಿಂತ ಫೋಟೊ. "ಅಣ್ಣಾ, ಇವನ್ನ ನಿನ್ನ ಪೆಟ್ಟಿಗ್ಯಾಗ ಹಾಕಿ ನೋಡು," ಅಂದಳು.

ಚಮನಸಾಬ ಬಾಯಿ ತೆರೆದ. ಅಷ್ಟರಲ್ಲಿ ಕೇಸರಿಬಾಯಿ ಅವನ ಹೆಂಡತಿ ಹಜರತಬಿಯ ಕೈಗೆ ಕನ್ನಡಿಯ ಚೀಲವೊಂದನ್ನು ಕೊಟ್ಟಾಗಿತ್ತು, ಹಜರತಬಿ ಅದನ್ನು ಹೆಗಲಿಗೆ ಹಾಕಿಕೊಂಡು ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ತಿರುಗಿ ನೋಡಿಕೊಂಡಾಗಿತ್ತು. ತೆರೆದ ಬಾಯನ್ನು ಅವನು ಹಾಗೇ ಮುಚ್ಚಿದ.

ಕೇಸರಿಬಾಯಿ ಹೋದ ಮೇಲೆ ಹಜರತಬಿ ಇದೇನು ಎಂದು ಕೇಳಿದಳು. ಅವನು ಎಲ್ಲ ವಿವರಿಸಿದ: ಗೆರೆ, ವೃತ್ತ, ಪೈಪಿನ ತಟ್ಟೆ.

"ಅಂದ್ರ ನೀವು ಲಗ್ನಾ ಕೂಡಸೂದಿಲ್ಲ?"

"ಇಲ್ಲ."

"ಹಂಗಾರ ಹೊರಗ ಹೋಗಿ ಹೇಳಿ ಬರ್ರಿ. ನಾಳೆ ನಾಕ ಮಂದಿ ಮನಿ ಮುಂದ ಕುಂತ ಅತ್ರ ನಾ ಏನ್ ಹೇಳ್ಲಿ?"

ಅವನು ಹೇಳಲೆಂದೇ ಹೊರಟ. ಕೈಯಲ್ಲೊಂದು ಕೊಡ ಹಿಡಿದು ನಳದ ಕಡೆ ನಡೆದ. ನಳದ ಮುಂದೆ ಸದಾ ಜಗಳವಾಡುತ್ತಿದ್ದ ಹೆಂಗಸರು ಅವನನ್ನು ಕಂಡು ಕೊಡಗಳನ್ನು ಸರಿಸಿ ದಾರಿಬಿಟ್ಟರು. ಒಬ್ಬಳು ಅವನ ಕೊಡವನ್ನು ತಾನೇ ತುಂಬಿ ಕೊಟ್ಟಳು. ಸರದಿಯಿಲ್ಲದೆ ನೀರು ಸಿಕ್ಕಿದ ಗಂಡಸು ಆ ಸಾಲಿನ ಇತಿಹಾಸದಲ್ಲೇ ಇರಲಿಲ್ಲ. ಚಮನಸಾಬ ತುಂಬಿದ ಕೊಡ ಹೊತ್ತು ಮನೆಗೆ ಬಂದ, ಹೇಳಬೇಕಾದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು. ಹಜರತಬಿ ಕೊಡವನ್ನು ನೋಡಿದಳು, ಗಂಡನನ್ನು ನೋಡಿದಳು, ಕೊಡವನ್ನು ಇಳಿಸಿಕೊಂಡಳು. ನೀರು ಅವಳಿಗೂ ಬೇಕಾಗಿತ್ತು.

ಅಲ್ಲಿಂದ ಮುಂದೆ ಮಾತು ತಾನೇ ಬೆಳೆಯಿತು. ಯಾರಾದರೂ ದಾರಿಯಲ್ಲಿ ತಡೆದು ಕೇಳಿದರೆ ಚಮನಸಾಬ ತಪ್ಪಿಸಿಕೊಳ್ಳಲು ಪಣಜಿಯಲ್ಲಿ ಕಲಿತ ಪದಗಳನ್ನೇ ಉದುರಿಸುತ್ತಿದ್ದ. ಹೇಮಪ್ಪನ ವಿಚಾರ ಏನಾಯಿತು ಎಂದರೆ, ಇನ್ನೂ ಫಿಕ್ಸ್ ಆಗಿಲ್ಲ ಅನ್ನುತ್ತಿದ್ದ. ಯಾವ ಕೆಲಸದಲ್ಲೂ ನಿಲ್ಲದೆ ಇಂದು ಸಾಂಕೋಲೆ, ನಾಳೆ ವಾಸ್ಕೊ ಎಂದು ತಿರುಗುವ ಒಬ್ಬ ಹುಡುಗನ ತಾಯಿಗೆ, ನಿನ್ನ ಮಗ ಅಂಡರ್ ಡಿಫೈನ್ಡ್ ಎಂದುಬಿಟ್ಟ. ಯಾವುದಕ್ಕೂ ಕಟ್ಟಿಲ್ಲದೆ, ಎಳೆದ ಕಡೆ ಜಾರುವ ಗೆರೆಗೆ ಆ ತರಬೇತಿಯಲ್ಲಿ ಹಾಗೆ ಅನ್ನುತ್ತಿದ್ದರು. ತಾಯಿ ಅದನ್ನು ಮಗನಿಗೆ ಸಿಕ್ಕ ಡಿಗ್ರಿ ಎಂದು ತಿಳಿದು ಸಾಲಿಗೆಲ್ಲ ಹೇಳಿಕೊಂಡು ಬಂದಳು.

ಇದೆಲ್ಲ ನಗೆಯಲ್ಲೇ ಮುಗಿಯುತ್ತಿತ್ತೇನೋ, ಅಮೀರಬಿ ಎದ್ದು ಬರದಿದ್ದರೆ.

ಅಮೀರಬಿ ಕಾರ್ಖಾನೆ ಜನಕ್ಕೆ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದಳು. ಕೊರ್ಲಿಮ್‌ನಲ್ಲಿ ದುಡಿಯುವ ಬಿಜಾಪುರ ಕಡೆಯ ಗಂಡಸರ ಹೊಟ್ಟೆಯೆಲ್ಲ ಅವಳ ಕೈಯಲ್ಲಿತ್ತು, ಆದ್ದರಿಂದ ಅವಳ ಎದುರು ಯಾರೂ ಸೊಲ್ಲೆತ್ತುತ್ತಿರಲಿಲ್ಲ. ಅವಳ ಒಬ್ಬನೇ ಮಗ ಲಾಡಸಾಬ ಚಮನಸಾಬನ ಕಾರ್ಖಾನೆಯಲ್ಲೇ ಟೆಂಪೊ ಓಡಿಸುತ್ತಿದ್ದ. ಮೂವತ್ತು ದಾಟಿದ್ದ, ಕೂದಲು ಹಿಂದೆ ಸರಿಯತೊಡಗಿತ್ತು. ತಾಳೀಕೋಟಿಯಿಂದ ಸಾಂಗೆಯ ತನಕ ಬಂದ ಹೆಣ್ಣುಗಳನ್ನೆಲ್ಲ ಅಮೀರಬಿ ಬೇಡವೆಂದಿದ್ದಳು. ಒಬ್ಬಳ ಹೆಜ್ಜೆ ದೊಡ್ಡದು, ಒಬ್ಬಳ ಅಣ್ಣಂದಿರು ಬಹಳ, ಇನ್ನೊಬ್ಬಳು ಎದುರಿಗೇ ಆಕಳಿಸಿದಳು.

ಅವಳು ಬಂದು ಚಮನಸಾಬನ ಮನೆಯ ಪೆಟ್ಟಿಗೆಯ ಮೇಲೆ ಕೂತಳು. "ಚಮನಾ, ಮನಷ್ಯಾರ ಮ್ಯಾಲ ನನಗ ನಂಬಿಗಿ ಉಳದಿಲ್ಲ. ನಿನ್ನ ಯಂತ್ರಾ ಹೇಳ್ಲಿ. ನಾಳೆ ನಾನ ಬಂದ ನೋಡ್ತೇನಿ."

ಯಂತ್ರ ಮಾಲೀಕರ ಕೋಣೆಯಲ್ಲಿದೆ, ಹೊರಗಿನವರನ್ನು ಬಿಡುವುದಿಲ್ಲ ಎಂದು ಚಮನಸಾಬ ತಡವರಿಸಿದ. ಗೇಟಿನ ಕಾವಲುಗಾರ ಮಲಕಪ್ಪ ತನ್ನ ಖಾನಾವಳಿಯಲ್ಲೇ ಉಣ್ಣುತ್ತಾನೆ, ಅವನು ಬಿಡದೆ ಏನು ಮಾಡುತ್ತಾನೆ ಎಂದು ಹೇಳಿ ಅವಳು ಎದ್ದು ಹೋದಳು.

ಅದೇ ದಿನ ಸಂಜೆ ಪಾಳಿ ಬಿಟ್ಟ ಹೊತ್ತಿಗೆ ಲಾಡಸಾಬ ಅವನನ್ನು ಟೆಂಪೊದ ಮರೆಗೆ ಕರೆದ. ಅಲ್ಲಿ ಜುಲೇಖಾ ನಿಂತಿದ್ದಳು. ಪ್ಯಾಕಿಂಗ್ ವಿಭಾಗದ ಹುಡುಗಿ, ಸಾಂಗೆಯ ಗಣಿಯಲ್ಲಿ ಲಾರಿ ಓಡಿಸುತ್ತಿದ್ದವನ ಮಗಳು. ಲಾಡಸಾಬನಿಗಿಂತ ಎರಡು ಬೆರಳು ಎತ್ತರ. ಇಬ್ಬರಿಗೂ ವರ್ಷದಿಂದ ಮನಸ್ಸಿತ್ತು, ಲಾಡಸಾಬನಿಗೆ ತಾಯಿಯ ಮುಂದೆ ಬಾಯಿ ಇರಲಿಲ್ಲ. ಎತ್ತರ ಒಂದೇ ಆಗಿದ್ದರೆ ಹೇಗಾದರೂ ಆಗುತ್ತಿತ್ತು. ಆದರೆ ಜುಲೇಖಾ ಒಮ್ಮೆ ಅಮೀರಬಿಯ ಖಾನಾವಳಿಯಲ್ಲಿ ಉಂಡು, ಪಲ್ಯಕ್ಕೆ ಉಪ್ಪು ಕಡಿಮೆ ಆಗಿದೆ ಅಂದಿದ್ದಳು. ಅದು ನಿಜವಾಗಿತ್ತು, ಆದ್ದರಿಂದ ಅಮೀರಬಿ ಮರೆತಿರಲಿಲ್ಲ.

ಚಮನಸಾಬನಿಗೆ ಇನ್ನು ತಡೆಯಲಾಗಲಿಲ್ಲ. ತನ್ನ ಕಂಪ್ಯೂಟರಿನಲ್ಲಿ ಇರುವುದು ಗೆರೆ, ವೃತ್ತ ಅಷ್ಟೇ, ಮದುವೆ ಗಿದುವೆ ಅದಕ್ಕೆ ಗೊತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ.

"ನನಗ ಗೊತ್ತೈತ್ರಿ ಚಾಚಾ," ಅಂದಳು ಜುಲೇಖಾ. "ನೀವು ಬಿಡಸಿದ ತಟ್ಟೀನ ನಾ ದಿನಾ ಡಬ್ಬಿಗೆ ತುಂಬ್ತೇನಲ್ರಿ. ಆದ್ರ ಅಮೀರಬಿ ಖಾಲಾಗ ಗೊತ್ತಿಲ್ಲಲ್ಲ."

ಅವಳು ಸುಳ್ಳು ಹೇಳಿರಿ ಎಂದು ಕೇಳಲಿಲ್ಲ. ಖಾಲಾ ಏನೇನು ಹೇಳುತ್ತಾಳೋ ಅದನ್ನೆಲ್ಲ ಯಂತ್ರಕ್ಕೆ ಹಾಕಿರಿ, ಅವಳು ಕೇಳುವಂಥ ಹೆಣ್ಣು ಭೂಮಿ ಮೇಲೆ ಇಲ್ಲ ಅನ್ನುವುದನ್ನು ಅವಳೇ ಕಣ್ಣಲ್ಲಿ ನೋಡಲಿ ಅಂದಳು. ಲಾಡಸಾಬ ಪಕ್ಕದಲ್ಲಿ ಟೆಂಪೊದ ಟಯರನ್ನು ಕಾಲಿನಿಂದ ಒತ್ತುತ್ತ ನಿಂತಿದ್ದ, ಗಾಳಿ ಕಡಿಮೆಯಾಗಿರುವುದೇ ಅವನ ದೊಡ್ಡ ಚಿಂತೆ ಎಂಬಂತೆ.

ಮರುದಿನ ಬೆಳಿಗ್ಗೆ ಅಮೀರಬಿ ಒಬ್ಬಳೇ ಬಂದಿದ್ದರೆ ಸಣ್ಣ ವಿಷಯ. ಆದರೆ ಯಂತ್ರ ತೋರಿಸುತ್ತಾರಂತೆ ಎಂಬ ಸುದ್ದಿ ಹರಡಿ, ಅಕ್ಕಪಕ್ಕದ ಖೋಲಿಗಳ ಹೆಂಗಸರೆಲ್ಲ ಮಕ್ಕಳ, ತಮ್ಮಂದಿರ ಫೋಟೊ ಹಿಡಿದು ಕಾರ್ಖಾನೆಯ ಗೇಟಿನ ಮುಂದೆ ನೆರೆದರು. ಹಿಂದೆ ಉಳಿದವರಿಗೂ ಕಾಣಲಿ ಎಂದು ಕೆಲವರು ಫೋಟೊಗಳನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು.

ಫಾತರ್ಪೇಕರರು ಕಾರಿನಲ್ಲಿ ಬಂದು ತಿರುವಿನಲ್ಲೇ ಇದನ್ನು ಕಂಡರು. ಗೇಟಿನ ಮುಂದೆ ಹೆಂಗಸರ ಗುಂಪು, ಕೈಯೆತ್ತಿ ತರುಣರ ಫೋಟೊ ತೋರಿಸುತ್ತಿದೆ.  ಯಾವ ಕೆಲಸಗಾರನಿಗೆ ಏನಾಯಿತು, ಎಷ್ಟು ಜನಕ್ಕೆ ಏನಾಯಿತು, ತನಗೇಕೆ ಯಾರೂ ಹೇಳಲಿಲ್ಲ ಎಂದು ಬೆವೆತು, ಕಾರನ್ನು ಹಿಂದಕ್ಕೆ ತಿರುಗಿಸಿ, ನೆಟ್ಟಗೆ ಹೋಗಿ ಕಾರ್ಮಿಕ ಇಲಾಖೆಯ ಅಧಿಕಾರಿಯನ್ನು ಕರೆದುಕೊಂಡು ಬಂದರು.

ಅಧಿಕಾರಿ ಸೌಮ್ಯ ಮನುಷ್ಯ. ಗದ್ದಲವನ್ನು ಮಾತಿನಿಂದಲೇ ಇಳಿಸಬೇಕು ಅನ್ನುವವರು. ಹೆಂಗಸರಿಗೆ ಬೇಕಾದ್ದೇನು ಎಂದು ಕೊಂಕಣಿಯಲ್ಲಿ ಕೇಳಿದರು. ಅವರ ಕೊಂಕಣಿ ಹೆಂಗಸರಿಗೆ ತಿಳಿಯದು, ಹೆಂಗಸರ ಕನ್ನಡ ಅವರಿಗೆ ತಿಳಿಯದು. ನಡುವೆ ಮಲಕಪ್ಪ ನಿಂತ. ತನಗೆ ಕೊಂಕಣಿ ಬರುತ್ತದೆ ಎಂಬುದು ಮಲಕಪ್ಪನ ಬಹುದಿನದ ನಂಬಿಕೆಯಾಗಿತ್ತು.

"ಸಾಹೇಬ್ರು ಕೇಳಾಕತ್ತಾರ, ನಿಮಗ ಎಂಥಾದ್ದ ಬೇಕು?"

ಯಂತ್ರಕ್ಕೆ ಹಾಕಲು ಮಾಹಿತಿ ಬೇಕಾಗಿದೆ ಎಂದು ಹೆಂಗಸರು ತಿಳಿದರು. ಕಾಯಂ ನೌಕರಿ ಇರಬೇಕು ಎಂದಳು ಮಗಳಿಗೆ ಗಂಡು ಹುಡುಕುತ್ತ ಬಂದಿದ್ದ ಒಬ್ಬಳು. ಅಧಿಕಾರಿ ತಲೆಯಾಡಿಸಿದರು, ಎಲ್ಲ ಕಡೆ ಇರುವ ಬೇಡಿಕೆಯೇ. ಇರಲು ಸ್ವಂತ ಖೋಲಿ ಇರಬೇಕು ಎಂದಳು ಅಂಥವಳೇ ಇನ್ನೊಬ್ಬಳು. ಅದೂ ಹಳೆಯದೇ. ಬಾಣಂತನಕ್ಕೆ ತಕರಾರಿಲ್ಲದೆ ಕಳಿಸಬೇಕು. ಅದಕ್ಕೆ ಕಾಯಿದೆಯೇ ಇದೆ ಎಂದು ಅಧಿಕಾರಿ ಫಾತರ್ಪೇಕರರ ಕಡೆ ಆಕ್ಷೇಪಣೆಯ ನೋಟ ಬೀರಿದರು. ಕುಡಿಯುವ ಚಟ ಇರಬಾರದು ಎಂದು ಮತ್ತೊಬ್ಬಳು ಕೂಗಿದಾಗ ಮಾತ್ರ ಅವರಿಗೆ ಆಶ್ಚರ್ಯವಾಯಿತು. ಕೆಲಸಗಾರರ ಕಡೆಯವರೇ ಕೆಲಸಗಾರರಿಗೆ ಪಾನನಿಷೇಧ ಕೇಳಿದ್ದನ್ನು, ಅದೂ ಗೋವಾದಲ್ಲಿ, ಅವರು ಕೇಳಿಯೇ ಇರಲಿಲ್ಲ. ಕೊನೆಗೆ ಹಿಂದಿನಿಂದ ಒಬ್ಬ ಮುದುಕಿ, ಮುಂದಿನ ಹಲ್ಲು ಉಬ್ಬಿರಬಾರದು ಅಂದಳು. ಮಲಕಪ್ಪ ಅದನ್ನೂ ನಿಷ್ಠೆಯಿಂದ ಅನುವಾದಿಸಿದ. ಅದು ಯಾವ ಕಾಯಿದೆಯ ಯಾವ ಕಲಮಿಗೆ ಬರುತ್ತದೆ ಎಂದು ಅಧಿಕಾರಿ ಬಹಳ ಹೊತ್ತು ಆಕಾಶ ನೋಡಿದರು.

ನಿಮ್ಮ ಮುಖಂಡ ಯಾರು ಎಂದು ಕೇಳಿದಾಗ ಎಲ್ಲರೂ ಒಂದೇ ದನಿಯಲ್ಲಿ ಚಮನಸಾಬರ ಹೆಸರು ಹೇಳಿದರು.

ಚಮನಸಾಬನನ್ನು ಏಸಿ ಕೋಣೆಗೆ ಕರೆಸಲಾಯಿತು. ಫಾತರ್ಪೇಕರರ ಮುಖ ಮುರುಗಲು ಹಣ್ಣಿನಂತೆ ಕೆಂಪಾಗಿತ್ತು. ತಾನು ಪಣಜಿಗೆ ಕಳಿಸಿದ್ದು ನಕಾಶೆ ಕಲಿಯಲೋ ಯೂನಿಯನ್ ಕಟ್ಟಲೋ ಎಂದು ಅವರು ಹಿಂದಿಯಲ್ಲಿ ಗುಡುಗಿದರು. ಇಷ್ಟು ದಿನ ಏನು ಮಾಡುತ್ತಿದ್ದೆ, ಖರೇ ಹೇಳು ಎಂದರು. ಚಮನಸಾಬನಿಗೆ ಆ ಹೊತ್ತಿನಲ್ಲಿ ತಿಳಿದಿದ್ದ ಖರೇ ಮಾತು ಒಂದೇ.

"ರಿಲೇಶನ್ ಕೂಡಸಾಕತ್ತಿದ್ದೆ ಸಾಹೇಬ್ರ."

ಅಧಿಕಾರಿ ಗಂಭೀರವಾದರು. ಇಂಡಸ್ಟ್ರಿಯಲ್ ರಿಲೇಶನ್ ತಮ್ಮ ಖಾತೆಯದು, ಅದರಲ್ಲಿ ಡ್ರಾಫ್ಟ್ಸ್‌ಮನ್ ಏಕೆ ಕೈಹಾಕಿದ ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಬರುವುದರೊಳಗೆ ಬಾಗಿಲು ತೆರೆದು ಅಮೀರಬಿ ಒಳಗೆ ಬಂದಳು. ಹಿಂದೆ ಮಲಕಪ್ಪ ಕೈ ಹೊಸೆಯುತ್ತಿದ್ದ. ಅವಳು ಕೋಣೆಯ ತಂಪನ್ನು ಒಮ್ಮೆ ಮೂಸಿ ನೋಡಿ, ಇದ್ದವುಗಳಲ್ಲಿ ಮೆತ್ತಗಿನ ಕುರ್ಚಿ ಯಾವುದೆಂದು ಹುಡುಕಿ, ಅದರಲ್ಲಿ ಕೂತಳು. ಅದು ಫಾತರ್ಪೇಕರರ ಕುರ್ಚಿ. ಅವರು ಎದ್ದು ನಿಂತು ಮಾತಾಡುತ್ತಿದ್ದದ್ದೇ ತಪ್ಪಾಯಿತು.

"ಮಾಡ ಶುರು ಚಮನಾ," ಅಂದಳು.

ಮಾಲೀಕರು ಅಧಿಕಾರಿಯನ್ನು ನೋಡಿದರು. ಅಧಿಕಾರಿಗೆ ಕುತೂಹಲ ತಡೆಯಲಾಗದೆ, ನಡೆಯಲಿ, ನೋಡಿಯೇ ಬಿಡೋಣ ಎಂದರು.

ಚಮನಸಾಬ ಮೌಸ್ ಹಿಡಿದ. ಪರದೆಯ ಮೇಲೆ ಅಂದು ಕತ್ತರಿಸಲು ಕೊಡಬೇಕಾದ ಒಂದು ತಟ್ಟೆಯ ನಕಾಶೆ ತೆರೆದಿತ್ತು: ದುಂಡಗಿನ ಅಂಚು, ಒಳಗೆ ಇನ್ನೂ ಏನೂ ಇಲ್ಲ. ಹೊಸ ಹಾಳೆ ತೆರೆಯುವುದು ಹೇಗೆಂಬುದು ಗಾಬರಿಯಲ್ಲಿ ಮರೆತು ಅದರೊಳಗೇ ಶುರುಮಾಡಿದ. ಮೊದಲು ಒಂದು ವೃತ್ತ ಹಾಕಿ, ಇದು ನೀವು ಅಂದ.

"ನಾ ಎಲ್ಲೂ ಸರಿಯೂದಿಲ್ಲ, ಅದನ್ನ ಹಾಕು," ಎಂದಳು ಅಮೀರಬಿ. ಅವನು ವೃತ್ತದ ಕೇಂದ್ರವನ್ನು ಫಿಕ್ಸ್ ಮಾಡಿದ. ಮಗನಿಗೆ ಒಂದು ಗೆರೆ ಎಳೆದ. ಮಗ ತನ್ನಿಂದ ಇಷ್ಟಕ್ಕಿಂತ ದೂರ ಹೋಗಬಾರದು ಅಂದಳು; ಗೆರೆಯನ್ನು ಅವಳ ವೃತ್ತಕ್ಕೆ ಕಟ್ಟಿ ಉದ್ದವನ್ನು ಗಟ್ಟಿಮಾಡಿದ. ಗೆರೆಯ ಇನ್ನೊಂದು ತುದಿಗೆ ಸೊಸೆಯ ವೃತ್ತ. ಆಮೇಲೆ ಷರತ್ತುಗಳು ಒಂದರ ಮೇಲೊಂದು ಬಂದವು. ಸೊಸೆ ತನ್ನ ಕೈಕೆಳಗೇ ಇರಬೇಕು, ಆದರೆ ಮಗನ ಸಮಕ್ಕೆ ನಿಲ್ಲುವ ಹಾಗಿರಬೇಕು. ಮಗನಿಗಿಂತ ಗಿಡ್ಡ ಇರಬೇಕು. ದುಡಿಯಲು ಹೊರಗೆ ಹೋಗಬೇಕು, ಖಾನಾವಳಿ ಬಿಟ್ಟು ಕದಲಬಾರದು. ತವರುಮನೆ ಹಬ್ಬಕ್ಕೆ ಕರೆಯುವಷ್ಟು ಹತ್ತಿರ ಇರಬೇಕು, ಅಣ್ಣತಮ್ಮಂದಿರು ಬರುವಷ್ಟು ಹತ್ತಿರ ಇರಬಾರದು. ಚಮನಸಾಬ ತಿಳಿದದ್ದಕ್ಕೆ ತಿಳಿದ ರಿಲೇಶನ್ ಹಾಕಿದ, ತಿಳಿಯದ್ದಕ್ಕೆ ಕೈಗೆ ಸಿಕ್ಕಿದ್ದನ್ನು ಹಾಕಿದ.

ಕಂಪ್ಯೂಟರ್ ಟುಂಯ್ ಎಂದಿತು. ಪರದೆಯೆಲ್ಲ ಕೆಂಪಾಯಿತು. ತಾಯಿ ಕೆಂಪು, ಮಗ ಕೆಂಪು, ಹುಟ್ಟಿಯೂ ಇರದ ಸೊಸೆ ಕೆಂಪು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಮೂಡಿತು. ಅಧಿಕಾರಿ ಬಗ್ಗಿ ಓದಿ, ಷರತ್ತು ಜಾಸ್ತಿಯಾಗಿವೆ, ಒಂದಕ್ಕೊಂದು ಜಗಳವಾಡುತ್ತಿವೆ, ಕೆಲವನ್ನು ತೆಗೆಯಬೇಕಂತೆ ಎಂದರು. ಮಲಕಪ್ಪ ಕನ್ನಡಕ್ಕೆ ತಂದ. ಈ ಸಲ ಸರಿಯಾಗಿಯೇ ತಂದ.

"ಯಾವುದನ್ನ ತೆಗೀಬೇಕಂತ?" ಅಮೀರಬಿ ಕೇಳಿದಳು.

"ಅದು ಹೇಳೂದಿಲ್ರಿ ಖಾಲಾ. ನಾವ ಆರಸಬೇಕು."

ಅಮೀರಬಿ ಯೋಚಿಸಿದಳು. ಅಣ್ಣತಮ್ಮಂದಿರು ಬಂದರೆ ಬರಲಿ, ಎರಡು ರೊಟ್ಟಿ ಹೆಚ್ಚು ಬಡಿದರಾಯಿತು ಅಂದಳು. ತೆಗೆದ, ಕೆಂಪೇ. ಖಾನಾವಳಿ ಬಿಟ್ಟು ಹೋದರೆ ಹೋಗಲಿ, ಸಂಜೆ ಬರಲಿ. ಕೆಂಪೇ. ಗಿಡ್ಡ ಇರಬೇಕು ಅನ್ನುವಲ್ಲಿ ಸ್ವಲ್ಪ ಹೊತ್ತು ಚೌಕಾಶಿ ನಡೆಯಿತು. ಫಾತರ್ಪೇಕರರು ಈ ತನಕ ಗೋಡೆಗೆ ಒರಗಿ ಸಿಟ್ಟಿನಲ್ಲಿದ್ದವರು, ತಮ್ಮ ಮನೆಯವರೂ ತಮಗಿಂತ ಎತ್ತರ, ಇಪ್ಪತ್ತು ವರ್ಷದಲ್ಲಿ ಅದರಿಂದ ತೊಂದರೆಯಾಗಿಲ್ಲ, ಅಟ್ಟದ ಮೇಲಿನ ಡಬ್ಬಿ ತೆಗೆಯಲು ಅನುಕೂಲವೇ ಆಗಿದೆ ಎಂದು ತಡೆಯಲಾರದೆ ಹೇಳಿಬಿಟ್ಟರು. ಅದನ್ನೂ ತೆಗೆದದ್ದಾಯಿತು. ಇನ್ನೂ ಕೆಂಪು.

ಚಮನಸಾಬನ ಬೆವರು ಆ ಏಸಿಯಲ್ಲೂ ಕುತ್ತಿಗೆಯಿಂದ ಇಳಿಯುತ್ತಿತ್ತು. ಎಲ್ಲವನ್ನೂ ಅಳಿಸಿ ಓಡಿಹೋಗೋಣ ಎಂದು ಏನನ್ನೋ ಒತ್ತಿದ. ಒತ್ತಿದ್ದು ತಪ್ಪು ಜಾಗದಲ್ಲಿ. ಅಮೀರಬಿಯ ವೃತ್ತಕ್ಕೆ ಹಾಕಿದ್ದ ಫಿಕ್ಸ್ ಒಂದು ಕಳಚಿತು, ಅಷ್ಟೇ. ಆ ಕ್ಷಣವೇ ಕೆಂಪೆಲ್ಲ ಹೋಯಿತು. ದೊಡ್ಡ ವೃತ್ತ ಮೆಲ್ಲಗೆ ಒಂದು ಬೆರಳಿನಷ್ಟು ಪಕ್ಕಕ್ಕೆ ಜಾರಿತು, ಗೆರೆ ನೆಟ್ಟಗಾಯಿತು, ಸಣ್ಣ ವೃತ್ತ ಬಂದು ಗೆರೆಯ ತುದಿಗೆ ಸರಿಯಾಗಿ ಕೂತಿತು.

 ಅಮೀರಬಿ ಪರದೆಯ ಹತ್ತಿರ ಮುಖ ತಂದಳು.

"ಚಮನಾ, ಈಗ ಸರದಿದ್ದು ನಾನೇನು?"

"ಹೌದ್ರಿ ಖಾಲಾ," ಎಂದ ಚಮನಸಾಬ. ಬೇರೆ ಏನು ಹೇಳಬೇಕೋ ತಿಳಿಯದೆ, "ಭಾಳ ಇಲ್ರಿ. ಒಂಚೂರ ಸರದ್ರಿ," ಅಂದ.

ಅವಳು ಆ ವೃತ್ತವನ್ನೇ ನೋಡುತ್ತ ಕೂತಳು. ಲಾಡಸಾಬನ ಅಪ್ಪ ಸತ್ತ ಮೇಲೆ, ಬೆನ್ನಿಗೆ ಕಟ್ಟಿಕೊಂಡ ಮಗುವಿನ ಜೊತೆ ಈ ಊರಿಗೆ ಬಂದು, ಒಲೆಯ ಮುಂದೆ ಕೂತವಳು ಅವಳು. ತಾನು ಅಲ್ಲಾಡಿದರೆ ಮನೆಯೇ ಬೀಳುತ್ತದೆ ಎಂದು ನಂಬಿದ್ದಳು, ಒಂದು ಕಾಲಕ್ಕೆ ಅದು ಖರೇಯೂ ಆಗಿತ್ತು. ಕೊನೆಗೆ, ಸರಿದರೆ ಏನೂ ಬೀಳಲಿಲ್ಲವಲ್ಲ ಎಂದು ತನಗೆ ತಾನೇ ಎಂಬಂತೆ ಅಂದಳು. ಆಮೇಲೆ ದನಿ ಎತ್ತಿ, "ಈ ಸಣ್ಣದು ಯಾರು? ಹೆಸರ ಹೇಳತೈತೇನು?" ಎಂದು ಕೇಳಿದಳು.

ಯಂತ್ರ ಹೆಸರು ಹೇಳುವುದಿಲ್ಲ. ಚಮನಸಾಬ ಬಾಗಿಲ ಕಡೆ ನೋಡಿದ. ಬಾಗಿಲ ಗಾಜಿನ ಆಚೆ ಲಾಡಸಾಬ ನಿಂತಿದ್ದ, ಅವನ ತಲೆಯ ಮೇಲಿಂದ ಎರಡು ಬೆರಳು ಎತ್ತರದಲ್ಲಿ ಜುಲೇಖಾಳ ಮುಖ ಕಾಣುತ್ತಿತ್ತು. ಅಮೀರಬಿಯೂ ನೋಡಿದಳು. ಲಾಡಸಾಬ ಜೀವಮಾನದಲ್ಲಿ ಮೊದಲ ಸಲ ತಾಯಿಯ ಕಣ್ಣು ತಪ್ಪಿಸಲಿಲ್ಲ. ಹಿಂದೆ ಜುಲೇಖಾ ನಿಂತಿದ್ದರಿಂದ ಹಿಂದಕ್ಕೆ ಸರಿಯಲು ಜಾಗವೂ ಇರಲಿಲ್ಲ.

"ಆಕಿ ನನ್ನ ಪಲ್ಯಾಕ ಉಪ್ಪ ಕಡಿಮಿ ಅಂದಾಕಿ," ಎಂದಳು ಅಮೀರಬಿ. ಜುಲೇಖಾ ಒಳಗೆ ಬಂದು ತಲೆಯ ಮೇಲೆ ಸೆರಗು ಹೊದ್ದು, ಹೌದು ಖಾಲಾ, ಅಂದು ಕಡಿಮೆ ಇತ್ತು, ಆದರೆ ಅಂಥ ರೊಟ್ಟಿ ತಾನು ಎಲ್ಲೂ ತಿಂದಿಲ್ಲ ಅಂದಳು. ಅಮೀರಬಿ ಮಾಲೀಕರ ಕುರ್ಚಿಯಿಂದ ಎದ್ದು ಅವಳ ಪಕ್ಕ ನಿಂತು, ಎತ್ತರವನ್ನು ಕಣ್ಣಳತೆಯಲ್ಲೇ ಅಳೆದು, ಅಟ್ಟದ ಮೇಲೆ ತನ್ನ ಖಾನಾವಳಿಯಲ್ಲೂ ಡಬ್ಬಿಗಳು ಬಹಳ ಇವೆ ಅಂದಳು. ಅಧಿಕಾರಿ ಇದು ಒಪ್ಪಂದವೋ ಮುಷ್ಕರವೋ ಎಂದು ಮಲಕಪ್ಪನನ್ನು ಕೇಳಿದರು. ಮಲಕಪ್ಪ ಯೋಚಿಸಿ, ನಿಕಾಹ್ ಎಂದ. ಆ ಒಂದು ಪದ ಎಲ್ಲರಿಗೂ ತಿಳಿಯಿತು.

ಇನ್ನು ಗೇಟಿನ ಮುಂದಿನ ಕಥೆ. ಒಳಗೆ ಇಷ್ಟೆಲ್ಲ ಆಗುವಷ್ಟರಲ್ಲಿ ಬಿಸಿಲಲ್ಲಿ ನಿಂತ ಹೆಂಗಸರು ಬೇಸರ ಕಳೆಯಲು ಫೋಟೊಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡಿದ್ದರು. ಕೇಸರಿಬಾಯಿ ಪಕ್ಕದ ತಾಂಡಾದವಳಾದ ಥಾವರಿಬಾಯಿಯನ್ನು ಅಲ್ಲೇ ಗುರುತು ಹಿಡಿದು, ಹೇಮಪ್ಪನಿಗೆ ಅವಳ ತಂಗಿಯ ಮಗಳನ್ನು ಕೇಳಿಯಾಗಿತ್ತು. ಹಾಗೆ ಆ ಬಿಸಿಲಲ್ಲೇ ಇನ್ನೂ ಕೆಲವು ಮಾತು ಮುಂದುವರಿದವು. ಯಾರೂ ಯಂತ್ರ ನೋಡಿರಲಿಲ್ಲ. ಆದರೂ ಎಲ್ಲದರ ಪುಣ್ಯ ಚಮನಸಾಬನ ಲೆಕ್ಕಕ್ಕೇ ಬಿತ್ತು. ಅವನು ಅದೇ ಸಂಜೆ ಕಂಠೆಪ್ಪನ ಅಂಗಡಿಯ ಬೆಂಚು ಹತ್ತಿ, ಕಂಪ್ಯೂಟರ್ ಪೈಪಿನ ತಟ್ಟೆ ಬಿಡಿಸುತ್ತದೆ, ಮತ್ತೇನೂ ಇಲ್ಲ ಎಂದು ಗಟ್ಟಿಯಾಗಿ ಹೇಳಿದ. ಜನ ಪ್ರೀತಿಯಿಂದ ನಕ್ಕರು. ದೊಡ್ಡವರು ದೊಡ್ಡಸ್ತಿಕೆ ತೋರಿಸುವುದಿಲ್ಲ ಎಂದು ಕಂಠೆಪ್ಪ ಇನ್ನೊಂದು ಕಪ್ಪು-ಬಶಿ ತಂದಿಟ್ಟ.

ಆದರೆ ಕಾರ್ಖಾನೆಯಲ್ಲಿ ಒಂದು ಎಡವಟ್ಟು ಉಳಿದಿತ್ತು. ಸಂತೋಷದ ಗಡಿಬಿಡಿಯಲ್ಲಿ ಚಮನಸಾಬ ಆ ನಕಾಶೆಯನ್ನು ಹಾಗೇ ಸೇವ್ ಮಾಡಿದ್ದ. ಮಧ್ಯಾಹ್ನದ ಪಾಳಿಯವರು ಅದನ್ನೇ ಅಚ್ಚು ಹಾಕಿಸಿಕೊಂಡು, ನಕಾಶೆಯಲ್ಲಿದ್ದಂತೆ ಚಾಚೂ ತಪ್ಪದೆ ಉಕ್ಕು ಕತ್ತರಿಸಿದರು. ಸಂಜೆ ಫಾತರ್ಪೇಕರರ ಮೇಜಿನ ಮೇಲೆ ಒಂದು ದುಂಡು ತಟ್ಟೆ ಬಂದು ಕೂತಿತು: ಒಂದು ದೊಡ್ಡ ತೂತು, ಒಂದು ಸಣ್ಣ ತೂತು, ನಡುವೆ ಒಂದು ಉದ್ದನೆಯ ಸೀಳು. ಯಾವ ಪೈಪಿಗೂ ಕೂಡದ, ಯಾವ ಟ್ಯಾಂಕಿಗೂ ಹೊಂದದ ವಸ್ತು. ಒಂದು ಕಣ್ಣು ಕಿರಿದು ಮಾಡಿ ಮಾಲೀಕರನ್ನೇ ದಿಟ್ಟಿಸುವಂತೆ ಕಾಣುತ್ತಿತ್ತು. ಅವರು ಚಮನಸಾಬನನ್ನು ಮತ್ತೆ ಪಣಜಿಗೆ ಕಳಿಸಿದರು, ಈ ಸಲ ಹೊಸ ಹಾಳೆ ತೆರೆಯುವುದೊಂದನ್ನೇ ಕಲಿತು ಬಾ ಎಂದು. ತಟ್ಟೆಯನ್ನು ಗುಜರಿಗೆ ಹಾಕಲು ಲಾಡಸಾಬನ ಟೆಂಪೊಗೆ ಏರಿಸಿದರು. ಲಾಡಸಾಬ ಅದನ್ನು ಮನೆಗೆ ಒಯ್ದ.

ಮದುವೆ ಬಕ್ರೀದ್ ಮುಗಿದ ಮೇಲೆ ಆಯಿತು. ಅಧಿಕಾರಿ ಬಂದು ಬಿರಿಯಾನಿ ಉಂಡು, ಇಷ್ಟು ಶಾಂತವಾಗಿ ಬಗೆಹರಿದ ವಿವಾದವನ್ನು ತಾವು ನೋಡಿಲ್ಲ ಎಂದು ಹೇಳಿ ಹೋದರು. ಕೆಲವು ತಿಂಗಳ ಮೇಲೆ ಚಮನಸಾಬ ಹಜರತಬಿಯ ಜೊತೆ ಖಾನಾವಳಿಗೆ ಉಣ್ಣಲು ಹೋದಾಗ ಆ ತಟ್ಟೆ ಗೋಡೆಯ ಮೊಳೆಗೆ ತೂಗುತ್ತಿತ್ತು. ಉಜ್ಜಿ ಥಳಥಳ ಹೊಳೆಯುವಂತೆ ಮಾಡಿದ್ದರು. ದೊಡ್ಡ ತೂತು ಮೇಲೆ, ಸಣ್ಣ ತೂತು ಕೆಳಗೆ. ಅಮೀರಬಿ ಹಿಟ್ಟು ತರಲು ಒಳಗೆ ಹೋದಳು. ಜುಲೇಖಾ ಪಲ್ಯ ಬಡಿಸಲು ಬಂದವಳು, ನಡೆಯುತ್ತಲೇ ಕೈಚಾಚಿ ತಟ್ಟೆಯನ್ನು ತಿರುಗಿಸಿ, ಸಣ್ಣ ತೂತನ್ನು ಮೇಲೆ ಮಾಡಿ ಹೋದಳು. ಅಮೀರಬಿ ಹೊರಗೆ ಬಂದಳು, ನೋಡಿದಳು, ಮತ್ತೆ ತಿರುಗಿಸಿದಳು. ಉಣ್ಣುವವರು ಯಾರೂ ತಲೆಯೆತ್ತಲಿಲ್ಲ. ಅದು ಅಲ್ಲಿಯ ದಿನದ ಕೆಲಸ ಎಂದು ಕಾಣುತ್ತಿತ್ತು. ಪಲ್ಯಕ್ಕೆ ಉಪ್ಪು ಸರಿಯಾಗಿತ್ತು.

ಹಜರತಬಿ ಬಹಳ ಹೊತ್ತು ಆ ತಟ್ಟೆಯನ್ನೇ ನೋಡಿ, ಮೇಲಿನದು ಅತ್ತೆ, ಕೆಳಗಿನದು ಸೊಸೆ, ಅಷ್ಟು ತಿಳಿಯಿತು, ಆದರೆ ಹೇಗೆ ತಿರುಗಿಸಿದರೂ ನಡುವಿನ ಸೀಳು ಮಾತ್ರ ಇದ್ದಲ್ಲೇ ಇರುತ್ತದಲ್ಲ, ಅದೇನು ಎಂದು ಗಂಡನನ್ನು ಕೇಳಿದಳು.

ಚಮನಸಾಬ ಉತ್ತರ ಹೇಳುವ ಮೊದಲೇ, ಎರಡೂ ಕೈಯಲ್ಲಿ ರೊಟ್ಟಿಯ ಬುಟ್ಟಿ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ಅತ್ತೆ-ಸೊಸೆಯರ ನಡುವೆ ಸಿಕ್ಕಿಕೊಂಡಿದ್ದ ಲಾಡಸಾಬ, "ಅದ ನಾನ್ರಿ ಭಾಬಿ," ಅಂದ. ಅವನ ಮುಖದಲ್ಲಿ ಭಾಳ ಸಮಾಧಾನ ಇತ್ತು.